ನಿಂತಾಗ ಮಾತ್ರ ಕಾಣುವುದು: ಬರ್ನ್‌ಔಟ್ ಹೊತ್ತಿನಲ್ಲಿ ವಿರಾಮ ಯಾಕೆ ಬೇಕು

2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಿದ್ದೆಯ ಬಗ್ಗೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತರಾದ ಒಂದಷ್ಟು ಜನರನ್ನು ಗುಂಪು ಮಾಡಿ, ಕೆಲವರಿಗೆ ರಾತ್ರಿ 8 ಗಂಟೆ, ಕೆಲವರಿಗೆ 6 ಗಂಟೆ, ಇನ್ನು ಕೆಲವರಿಗೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. 14 ದಿನ ಹೀಗೇ ನಡೆಯಿತು. ದಿನವೂ ಗಮನ ಮತ್ತು ನೆನಪಿನ ಪರೀಕ್ಷೆ ಇರುತ್ತಿತ್ತು. 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರು ದಿನದಿಂದ ದಿನಕ್ಕೆ ಹಿಂದೆ ಬೀಳುತ್ತಾ ಹೋದರು. ಕೊನೆಗೆ ಅವರ ಸ್ಥಿತಿ ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಹಾಗಾಗಿತ್ತು. ಆದರೆ ಎಷ್ಟು ತೂಕಡಿಕೆ ಬರುತ್ತಿದೆ ಎಂದು ಕೇಳಿದರೆ, ಮೊದಲ ಕೆಲವು ದಿನ ಬಿಟ್ಟರೆ ಆಮೇಲೆ ಅವರ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ತಾವು ಎಷ್ಟು ಕುಗ್ಗಿದ್ದೇವೆ ಎಂಬುದೇ ಅವರಿಗೆ ಗೊತ್ತಾಗಿರಲಿಲ್ಲ.

ಈ ಪ್ರಯೋಗ ನಡೆದದ್ದು ನಿದ್ದೆಯ ಬಗ್ಗೆ, ಬರ್ನ್‌ಔಟ್ ಬಗ್ಗೆ, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವುದರ ಬಗ್ಗೆ ಅಲ್ಲ. ಆದರೂ ಬರ್ನ್‌ಔಟ್ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ದಣಿವನ್ನು ಅಳೆಯಬೇಕಾದದ್ದು ಮನಸ್ಸು. ಆ ಮನಸ್ಸೇ ದಣಿದಿದೆ. ತಕ್ಕಡಿಯೇ ಕೆಟ್ಟಿರುವಾಗ ತೂಕ ಸರಿ ಬರುವುದಾದರೂ ಹೇಗೆ? "ಇನ್ನೂ ಸ್ವಲ್ಪ ತಡ್ಕೊಳ್ಳಬಲ್ಲೆ", "ಈ ಪ್ರಾಜೆಕ್ಟ್ ಒಂದು ಮುಗಿಯಲಿ" ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ಕಾಣುತ್ತಿರುತ್ತದೆ. ವಿರಾಮ ಬೇಕಾಗುವುದಕ್ಕೆ ನನ್ನ ಪ್ರಕಾರ ಮೊದಲ ಕಾರಣವೇ ಇದು. ದೇಹಕ್ಕೆ ಆರಾಮ ಸಿಗುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ನಾವು ಎಲ್ಲಿಗೆ ಬಂದು ನಿಂತಿದ್ದೇವೆ ಎಂಬುದು ನಮಗೆ ಕಾಣಲು ಶುರುವಾಗುವುದು.

ಬರ್ನ್‌ಔಟ್ ಎಂದರೆ ಏನೇನು

ಈ ಸ್ಥಿತಿಯ ಬಗ್ಗೆ ಮೊದಲು ಗಂಭೀರವಾಗಿ ಬರೆದವರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಮುಖ್ಯರು. ಅವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ. ಹಗಲು ತಮ್ಮ ವೃತ್ತಿ ಮಾಡಿ, ಸಂಜೆ ಮೇಲೆ ಬಡವರಿಗೆ ಉಚಿತ ಚಿಕಿತ್ಸೆ ಕೊಡುವ ಕ್ಲಿನಿಕ್‌ನಲ್ಲಿ ದುಡಿಯುತ್ತಿದ್ದರು. ಜೊತೆಗಿದ್ದ ಸ್ವಯಂಸೇವಕರು ಒಬ್ಬೊಬ್ಬರಾಗಿ ಕುಗ್ಗಿಹೋಗುವುದನ್ನು ನೋಡಿದರು. ತಮಗೂ ಅದೇ ಆಯಿತು. 1974ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಅವರ ಎರಡು ಮಾತು ಇವತ್ತಿಗೂ ಸರಿಯಾಗಿವೆ. ಕೆಲಸದ ಮೇಲೆ ತುಂಬಾ ನಿಷ್ಠೆ ಇರುವವರೇ ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದ ಮೇಲೆ ಜಾಸ್ತಿ ಹೊತ್ತು ಕೆಲಸದ ಜಾಗದಲ್ಲೇ ಇರುತ್ತಾರೆ, ಆದರೆ ಮುಗಿಯುವ ಕೆಲಸ ಕಡಿಮೆ ಆಗುತ್ತಾ ಹೋಗುತ್ತದೆ.

ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಮಾಸ್ಲಾಕ್ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಸೂಸನ್ ಜಾಕ್ಸನ್ ಜೊತೆ 1981ರಲ್ಲಿ ಪ್ರಕಟಿಸಿದ ಆ ಪ್ರಶ್ನಾವಳಿ ಇವತ್ತಿಗೂ ಬಳಕೆಯಲ್ಲಿದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಕೊಟ್ಟ ವಿವರಣೆಯೂ ಹೆಚ್ಚುಕಡಿಮೆ ಇದೇ ಹಾದಿಯಲ್ಲಿದೆ. ಒಂದು ವಿಷಯ ಗಮನಿಸಿ. ಆ ಸಂಸ್ಥೆ ಇದನ್ನು ಕಾಯಿಲೆ ಎಂದು ಕರೆದಿಲ್ಲ. ಕೆಲಸದ ಜಾಗದ ಒತ್ತಡ ತುಂಬಾ ದಿನ ಮುಂದುವರಿದು, ಅದನ್ನು ಸರಿಯಾಗಿ ನಿಭಾಯಿಸದಿದ್ದಾಗ ಆಗುವ ಸ್ಥಿತಿ ಎಂದಿದೆ. ಅಂದರೆ ಇದರ ಬೇರು ಕೆಲಸದಲ್ಲಿದೆ. ಈ ಮಾತನ್ನು ಮುಂದೆ ಮತ್ತೆ ನೋಡೋಣ.

ಲಕ್ಷಣಗಳು ಮೂರು. ಮೊದಲನೆಯದು ಬಳಲಿಕೆ. ಎಲ್ಲರಿಗೂ ಗೊತ್ತಿರುವುದು ಇದು. ಇನ್ನೊಂದು, ನನ್ನಿಂದ ಏನೂ ಆಗುತ್ತಿಲ್ಲ ಎನ್ನುವ ಭಾವನೆ. ಇವೆರಡರ ನಡುವೆ ಇರುವುದು ಕೆಲಸದ ಮೇಲಿನ, ಜನರ ಮೇಲಿನ ತಾತ್ಸಾರ. ಮೂರರಲ್ಲಿ ನನಗೆ ಜಾಸ್ತಿ ಆತಂಕ ಹುಟ್ಟಿಸುವುದು ಇದೇ. ಯಾಕೆಂದರೆ ಇದು ದಣಿವಿನ ಲಕ್ಷಣ ಎಂದು ಯಾರಿಗೂ ಅನಿಸುವುದಿಲ್ಲ. ರೋಗಿಯನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದ ನರ್ಸ್ ಈಗ ಹಾಸಿಗೆ ನಂಬರ್ ಹೇಳುತ್ತಾರೆ. "ಈ ಮಕ್ಕಳಿಗೆ ಎಷ್ಟು ಹೇಳಿದರೂ ಅಷ್ಟೇ" ಎಂಬುದು ಮೇಷ್ಟರ ದಿನದ ಮಾತಾಗುತ್ತದೆ. ಮೀಟಿಂಗ್‌ನಲ್ಲಿ ಯಾರು ಏನು ಹೇಳಿದರೂ ಒಳಗೊಳಗೇ ರೇಗುತ್ತದೆ. ಆಗ ಅನಿಸುವುದು, ನನಗೆ ಈಗ ಜನರ ನಿಜಬಣ್ಣ ಗೊತ್ತಾಗಿದೆ ಎಂದು. ಹಿಂದೆ ಇದೇ ಜನರ ಜೊತೆ ಖುಷಿಯಿಂದ ಕೆಲಸ ಮಾಡಿದ್ದು ಮರೆತೇ ಹೋಗಿರುತ್ತದೆ. ದಣಿದ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಜನರಿಂದ ದೂರ ಸರಿಯುತ್ತದೆ. ನಾವು ಅದನ್ನೇ ಅನುಭವ ಕಲಿಸಿದ ಪಾಠ ಎಂದುಕೊಳ್ಳುತ್ತೇವೆ. ನಿಲ್ಲದೆ ಓಡುತ್ತಿರುವಾಗ ಈ ಎರಡರ ವ್ಯತ್ಯಾಸ ಹಿಡಿಯಲು ಆಗುವುದೇ ಇಲ್ಲ.

ಜಾಸ್ತಿ ಹೊತ್ತು, ಅಷ್ಟೇ ಕೆಲಸ

"ನಿಂತರೆ ಕೆಲಸ ಹಿಂದೆ ಬೀಳುತ್ತೆ" ಎಂಬ ಭಯ ಸಹಜ. ಇದಕ್ಕೆ ಉತ್ತರ ನೂರು ವರ್ಷದ ಹಿಂದಿನ ಲೆಕ್ಕದಲ್ಲೇ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ವಾರದ ರಜೆಯೂ ಇಲ್ಲದೆ ದುಡಿಸುತ್ತಿದ್ದರು. ಇದರ ಪರಿಣಾಮ ನೋಡಲು ಸರ್ಕಾರ 1915ರಲ್ಲಿ ಒಂದು ಸಮಿತಿ ನೇಮಿಸಿತು. ಆ ಸಮಿತಿ ಕಲೆಹಾಕಿದ ಅಂಕಿಅಂಶಗಳನ್ನು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ 2014ರಲ್ಲಿ ಮತ್ತೆ ಪರಿಶೀಲಿಸಿದರು. ವಾರಕ್ಕೆ 70 ಗಂಟೆ ದುಡಿದಾಗ ಆದ ಉತ್ಪಾದನೆಗೂ 56 ಗಂಟೆ ದುಡಿದಾಗ ಆದ ಉತ್ಪಾದನೆಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಆ 14 ಗಂಟೆ ಬಹುಪಾಲು ವ್ಯರ್ಥ. ವಾರದ ರಜೆ ಕಿತ್ತುಕೊಂಡಾಗಲೂ ಉತ್ಪಾದನೆಗೆ ಪೆಟ್ಟು ಬಿತ್ತು. ಇಲ್ಲಿ ಎಣಿಸಿದ್ದು ಕಣ್ಣಿಗೆ ಕಾಣುವ ವಸ್ತುಗಳನ್ನು. ಯೋಚಿಸಿ, ತೂಗಿ ನೋಡಿ ನಿರ್ಧಾರ ಮಾಡಬೇಕಾದ ಕೆಲಸದಲ್ಲಿ ದಣಿವಿನ ನಷ್ಟ ಇಷ್ಟು ಸುಲಭವಾಗಿ ಎಣಿಕೆಗೆ ಸಿಗುವುದೂ ಇಲ್ಲ.

ದೇಹದ ಲೆಕ್ಕ ಇನ್ನೂ ಕಠಿಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜೊತೆಯಾಗಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ. 35ರಷ್ಟು ಹೆಚ್ಚು. ಹೃದಯಕ್ಕೆ ರಕ್ತ ಸಾಲದೆ ಬರುವ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ದೀರ್ಘ ಕೆಲಸದ ಕಾರಣಕ್ಕೆ ಜಗತ್ತಿನಲ್ಲಿ 7.45 ಲಕ್ಷ ಜನ ಸತ್ತಿರಬಹುದು ಎಂಬುದು ಅವರ ಅಂದಾಜು.

ಸುಮ್ನೆ ಕೂತರೆ ವಿಶ್ರಾಂತಿಯೇ?

ಇಲ್ಲೊಂದು ತೊಡಕಿದೆ. ರಜೆ ಹಾಕಿ ಮನೆಯಲ್ಲಿ ಕೂತವರೂ ದಣಿದೇ ಇರುತ್ತಾರೆ. ಯಾಕೆ?

ಒತ್ತಡ ಬಂದಾಗ ದೇಹ ತನ್ನನ್ನು ತಾನು ಎಚ್ಚರಿಸಿಕೊಳ್ಳುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಏರುತ್ತವೆ. ಇದು ಒಳ್ಳೆಯದೇ. ಕೆಲಸ ಮುಗಿದ ಮೇಲೆ ಎಲ್ಲ ಇಳಿಯಬೇಕು. ಇಳಿಯದೆ ಉಳಿದರೆ ದೇಹ ಸವೆಯುತ್ತದೆ. ನರವಿಜ್ಞಾನಿ ಬ್ರೂಸ್ ಮೆಕ್‌ಯುವೆನ್ 1990ರ ದಶಕದಿಂದ ಹೇಳುತ್ತಾ ಬಂದದ್ದು ಈ ಸವೆತದ ಬಗ್ಗೆ. ಕೆಲಸ ಎದುರಿಗೆ ಇಲ್ಲದಿದ್ದರೂ ಅದನ್ನೇ ನೆನೆದು ಕೊರಗುತ್ತಿದ್ದರೆ ದೇಹದ ಎಚ್ಚರ ಇಳಿಯುವುದಿಲ್ಲ. ಮ್ಯಾನೇಜರ್ ಹೇಳಿದ ಮಾತನ್ನು ರಾತ್ರಿ ಹತ್ತು ಗಂಟೆಗೆ ಮತ್ತೆ ನೆನೆದರೆ, ದೇಹದ ಪಾಲಿಗೆ ಆಫೀಸ್ ಇನ್ನೂ ಮುಗಿದಿಲ್ಲ.

ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನ್ನೆಂಟಾಗ್ ಈ ವಿಷಯವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಚೇತರಿಕೆಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಮನಸ್ಸು ಕೆಲಸದಿಂದ ಬಿಡಿಸಿಕೊಳ್ಳುವುದು. ದೇಹ ಸಡಿಲಾಗಬೇಕು. ತನ್ನ ಹೊತ್ತು ತನ್ನ ಕೈಯಲ್ಲಿದೆ ಎನಿಸಬೇಕು. ಹೊಸದೇನಾದರೂ ಕಲಿಯುವುದೂ ಚೇತರಿಕೆಗೆ ಸಹಾಯ ಮಾಡುತ್ತದೆ. ವಾದ್ಯ ಕಲಿಯುವುದು, ಈಜು ಕಲಿಯುವುದು ಇಂಥವು ಮೇಲ್ನೋಟಕ್ಕೆ ವಿಶ್ರಾಂತಿಯ ಹಾಗೆ ಕಾಣುವುದಿಲ್ಲ, ಆದರೆ ಮನಸ್ಸನ್ನು ಪೂರ್ತಿ ಬೇರೆ ಕಡೆ ಎಳೆಯುತ್ತವೆ. ಮೊಬೈಲ್ ಹಿಡಿದು ಮಲಗಿದರೆ ಅದು ಆಗುವುದಿಲ್ಲ. ಅದೇ ಮೊಬೈಲ್‌ನಲ್ಲಿ ಆಫೀಸಿನ ಮೆಸೇಜೂ ಬರುತ್ತಿರುತ್ತದೆ, ಅಲ್ವಾ?

ಅವರೇ ಗುರುತಿಸಿದ ಇನ್ನೊಂದು ವಿಷಯ ಮನಸ್ಸಿಗೆ ನಾಟುತ್ತದೆ. ಯಾರ ಮೇಲೆ ಕೆಲಸದ ಒತ್ತಡ ಜಾಸ್ತಿ ಇದೆಯೋ ಅವರಿಗೇ ಬಿಡಿಸಿಕೊಳ್ಳುವುದು ಕಷ್ಟ. ಅಗತ್ಯ ಹೆಚ್ಚಿದಷ್ಟೂ ಶಕ್ತಿ ಕಡಿಮೆ. ಆದ್ದರಿಂದ "ಸ್ವಲ್ಪ ರಿಲ್ಯಾಕ್ಸ್ ಮಾಡಿ" ಎಂಬ ಸಲಹೆ ಬಳಲಿದವರ ಕಿವಿಗೆ ಇನ್ನೊಂದು ಕೆಲಸದ ಹಾಗೇ ಕೇಳಿಸುತ್ತದೆ. ಇಂಥವರ ಸುತ್ತ ಇರುವವರು ಮಾಡಬಹುದಾದ ನಿಜವಾದ ಸಹಾಯ ಒಂದೇ. ಅವರ ತಲೆಯಿಂದ ಏನನ್ನಾದರೂ ಇಳಿಸಿ ತಾವು ಹೊತ್ತುಕೊಳ್ಳುವುದು.

ಅರ್ಧಕ್ಕೆ ನಿಂತ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುವುದು ಎಲ್ಲರ ಅನುಭವ. ಇದಕ್ಕೆ ಒಂದು ಸರಳ ಉಪಾಯ ಇದೆ. ಆ ಕೆಲಸವನ್ನು ಮುಂದೆ ಯಾವಾಗ, ಹೇಗೆ ಮಾಡುತ್ತೇವೆ ಎಂದು ಖಚಿತವಾಗಿ ಯೋಜಿಸಿದರೆ ಅದು ತಲೆಯನ್ನು ಕಾಡುವುದು ಕಡಿಮೆಯಾಗುತ್ತದೆ ಎಂದು 2011ರ ಪ್ರಯೋಗಗಳು ತೋರಿಸಿವೆ. ಕೆಲಸ ಮುಗಿದೇ ಇರಬೇಕೆಂದಿಲ್ಲ. ಹಾಗಾಗಿ ವಿರಾಮಕ್ಕೆ ಹೋಗುವ ಮೊದಲು ಬಾಕಿ ಕೆಲಸ ಏನು, ಅದನ್ನು ಯಾರು, ಯಾವಾಗ ನೋಡಿಕೊಳ್ಳುತ್ತಾರೆ ಎಂದು ಬರೆದಿಟ್ಟು ಹೋಗುವುದು ಒಳ್ಳೆಯದು.

ಮೊದಲು ವಿಶ್ರಾಂತಿ, ಆಮೇಲೆ ಯೋಚನೆ

ರಜೆಯ ಲಾಭ ಎಷ್ಟು ದಿನ ಉಳಿಯುತ್ತದೆ? ತುಂಬಾ ದಿನ ಇಲ್ಲ. ರಜೆಯಲ್ಲಿ ಸಿಕ್ಕ ಹುರುಪು ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ ಎಂದು ಈ ಬಗ್ಗೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಇದನ್ನು ಕೇಳಿ ರಜೆಯೇ ದಂಡ ಎನ್ನಬೇಕಿಲ್ಲ. ನಿದ್ದೆ ಬೆಳಗಾದರೆ ಮುಗಿಯುತ್ತದೆ ಎಂದು ಯಾರೂ ಮಲಗುವುದನ್ನು ಬಿಡುವುದಿಲ್ಲ. ಆದರೆ ಹೋದ ದಾರಿಗೇ ಮರಳಿದರೆ ಹೋದ ಜಾಗಕ್ಕೇ ತಲುಪುತ್ತೇವೆ. ಬರೀ ವಿಶ್ರಾಂತಿ ಸಾಲದೆ ಆತ್ಮಾವಲೋಕನ ಬೇಕಾಗುವುದು ಇದಕ್ಕೇ.

ಇದರಲ್ಲಿ ಕ್ರಮ ಮುಖ್ಯ. ಹಲವರು ರಜೆಯ ಮೊದಲ ದಿನವೇ ಕೂತು ಬದುಕಿನ ಲೆಕ್ಕ ಹಾಕಲು ಹೊರಡುತ್ತಾರೆ. ರಾಜೀನಾಮೆ ಕೊಡಲೇ, ಊರು ಬಿಡಲೇ, ಓದಿದ್ದೇ ತಪ್ಪಾಯಿತೇ ಎಂಬ ಪ್ರಶ್ನೆಗಳು ಸಾಲುಗಟ್ಟುತ್ತವೆ. ಆಗ ಬರುವ ಉತ್ತರ ದಣಿವಿನದು. ಮೊದಲ ಕೆಲವು ದಿನ ಬರೀ ನಿದ್ದೆ ಬರಬಹುದು, ಸಿಟ್ಟು ಬರಬಹುದು, ಯಾವುದೂ ಬೇಡ ಎನಿಸಬಹುದು. ವಿರಾಮ ತೆಗೆದುಕೊಂಡು ಇನ್ನೂ ಕೆಟ್ಟದಾಯಿತಲ್ಲ ಎಂದು ಗಾಬರಿ ಆಗಬಹುದು. ಓಡುವಾಗ ಒತ್ತಿ ಹಿಡಿದ ದಣಿವು ನಿಂತಾಗ ಮೇಲೆ ಬರುತ್ತದೆ. ಆ ದಿನಗಳಲ್ಲಿ ಉಣ್ಣುವುದು, ಮಲಗುವುದು, ನಡೆಯುವುದು ಬಿಟ್ಟು ಬೇರೆ ಏನನ್ನೂ ತೀರ್ಮಾನಿಸಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಸುಮ್ಮನಿದ್ದಾಗ ಮಿದುಳೂ ಸುಮ್ಮನಿರುತ್ತದೆ ಎಂದೇನಿಲ್ಲ. ಹೊರಗಿನ ಕೆಲಸ ಇಲ್ಲದಾಗ ಮಿದುಳಿನ ಕೆಲವು ಭಾಗಗಳು ಇನ್ನೂ ಚುರುಕಾಗಿ ಒಟ್ಟಿಗೆ ಕೆಲಸ ಮಾಡುತ್ತವೆ ಎಂದು ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದರು. ಹಳೆಯದನ್ನು ನೆನೆಯುವುದು, ಮುಂದಿನದನ್ನು ಕಲ್ಪಿಸುವುದು, ತನ್ನ ಬಗ್ಗೆ ಯೋಚಿಸುವುದು ಎಲ್ಲದರಲ್ಲೂ ಈ ಭಾಗಗಳ ಪಾತ್ರ ಇದೆ. ಹೊತ್ತು ಹೊತ್ತಿಗೂ ಮೆಸೇಜ್ ನೋಡುವವರಿಗೆ ಇಂಥ ಬಿಡುವು ಸಿಗುವುದೇ ಕಷ್ಟ.

ಆದರೆ ಬಿಡುವು ಸಿಕ್ಕಾಗ ಕೊರಗೂ ಬರುತ್ತದೆ. ಕೊರಗಿಗೂ ಅವಲೋಕನಕ್ಕೂ ಇರುವ ವ್ಯತ್ಯಾಸ ಇಲ್ಲಿ ದೊಡ್ಡದು. "ನನಗೇ ಯಾಕೆ ಹೀಗಾಗುತ್ತೆ?", "ನಾನು ಯಾಕೆ ಇಷ್ಟು ದುರ್ಬಲ?" ಇಂಥ ಪ್ರಶ್ನೆಗಳಿಗೆ ತುದಿ ಇಲ್ಲ. ಇಂಥ ಕೊರಗು ಖಿನ್ನತೆಯನ್ನು ಹೇಗೆ ಬೆಳೆಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಅವರ ಸಂಶೋಧನೆ ವಿವರವಾಗಿ ತೋರಿಸಿದೆ. ಉಪಯೋಗಕ್ಕೆ ಬರುವ ಪ್ರಶ್ನೆಗಳು ಸಣ್ಣವು, ಗಟ್ಟಿಯಾದವು. ಕಳೆದ ತಿಂಗಳು ಯಾವ ದಿನ ಎಲ್ಲಕ್ಕಿಂತ ಕೆಟ್ಟದಾಗಿತ್ತು? ಅವತ್ತು ಏನು ನಡೆಯಿತು? ಯಾರಿದ್ದರು? ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ? ತನ್ನನ್ನು ತನ್ನ ಹೆಸರಿನಿಂದಲೇ ಕರೆದು, ಬೇರೆಯವರಿಗೆ ಬುದ್ಧಿ ಹೇಳುವ ಹಾಗೆ ಯೋಚಿಸಿದರೆ ಮನಸ್ಸಿನ ಬಿಸಿ ಇಳಿಯುತ್ತದೆ ಎಂದು ಈಥನ್ ಕ್ರಾಸ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಪ್ರಯೋಗಗಳಲ್ಲಿ ಕಂಡಿದೆ. ಸ್ವಲ್ಪ ಮುಜುಗರ ಎನಿಸಬಹುದು. ಬರೆಯುವಾಗ ಹಾಗೆ ಮಾಡುವುದು ಸುಲಭ.

ಏನನ್ನು ನೋಡಬೇಕು ಎನ್ನುವುದಕ್ಕೆ ಮಾಸ್ಲಾಕ್ ಮತ್ತು ಮೈಕಲ್ ಲೈಟರ್ 1990ರ ದಶಕದಲ್ಲೇ ದಾರಿ ತೋರಿಸಿದ್ದಾರೆ. ಕೆಲಸದ ಹೊರೆ ಎಷ್ಟು, ತನ್ನ ಕೆಲಸದ ಮೇಲೆ ತನಗೆ ಹಿಡಿತ ಇದೆಯೇ, ದುಡಿಮೆಗೆ ಬೆಲೆ ಸಿಗುತ್ತಿದೆಯೇ, ಜೊತೆಗಿರುವವರು ಹೇಗೆ, ನ್ಯಾಯ ಇದೆಯೇ, ತಾನು ನಂಬಿದ್ದಕ್ಕೂ ಮಾಡುತ್ತಿರುವುದಕ್ಕೂ ಹೊಂದಾಣಿಕೆ ಇದೆಯೇ. ಹೊರೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಉಳಿದವು ನಿಂತು ನೋಡಿದರಷ್ಟೇ ಕಾಣುತ್ತವೆ. ದಿನಕ್ಕೆ ಹತ್ತು ಗಂಟೆ ದುಡಿಯುವುದರಿಂದ ಬಳಲಿದ್ದೇನೆ ಎಂದುಕೊಂಡವರಿಗೆ ನಿಜವಾದ ನೋವು ಬೇರೆ ಕಡೆ ಇರಬಹುದು. ಶಿಫ್ಟ್ ಬದಲಾದದ್ದನ್ನು ಹಿಂದಿನ ರಾತ್ರಿಯಷ್ಟೇ ತಿಳಿಸುವುದು. ತಾನು ಮಾಡಿದ್ದಕ್ಕೆ ಬೇರೆಯವರ ಹೆಸರು ಬರುವುದು. ಅಗತ್ಯವೇ ಇಲ್ಲದ್ದನ್ನು ಗ್ರಾಹಕರಿಗೆ ಅಂಟಿಸಬೇಕಾಗಿ ಬರುವುದು. ಒಬ್ಬೊಬ್ಬರಿಗೂ ಬೇಕಾದ ಪರಿಹಾರ ಬೇರೆ. ಮೂರನೆಯವರಿಗೆ ಒಂದು ತಿಂಗಳ ರಜೆ ಕೊಟ್ಟರೂ ಏನೂ ಬದಲಾಗುವುದಿಲ್ಲ.

ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 2009ರಲ್ಲಿ ವೈದ್ಯರ ಬಗ್ಗೆ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಉಪಯುಕ್ತ. ತಮಗೆ ಎಲ್ಲಕ್ಕಿಂತ ಅರ್ಥಪೂರ್ಣ ಎನಿಸುವ ಕೆಲಸಕ್ಕೆ ಶೇ. 20ಕ್ಕಿಂತ ಕಡಿಮೆ ಹೊತ್ತು ಸಿಗುತ್ತಿದ್ದ ವೈದ್ಯರಲ್ಲಿ ಶೇ. 53.8 ಮಂದಿ ಬರ್ನ್‌ಔಟ್‌ನಲ್ಲಿದ್ದರು. ಅಷ್ಟು ಹೊತ್ತು ಸಿಗುತ್ತಿದ್ದವರಲ್ಲಿ ಈ ಪ್ರಮಾಣ ಶೇ. 29.9. ಶೇ. 20 ಎಂದರೆ ಐದು ದಿನದಲ್ಲಿ ಒಂದು ದಿನ. ಆ ಒಂದು ದಿನ ಯಾವ ಕೆಲಸಕ್ಕೆ ಬೇಕು ಎಂದು ತನಗೆ ಗೊತ್ತಿರದಿದ್ದರೆ ಕೇಳಲೂ ಆಗುವುದಿಲ್ಲ.

ಉತ್ತರ ಒಂದೇ ಇರುವುದಿಲ್ಲ

ಇಂಗ್ಲೆಂಡಿನ ಕ್ರಿಕೆಟಿಗ ಬೆನ್ ಸ್ಟೋಕ್ಸ್ 2021ರ ಜುಲೈನಲ್ಲಿ ಮಾನಸಿಕ ಆರೋಗ್ಯಕ್ಕಾಗಿ ಮತ್ತು ಗಾಯಗೊಂಡ ಬೆರಳಿನ ಆರೈಕೆಗಾಗಿ ಎಲ್ಲ ಕ್ರಿಕೆಟ್‌ನಿಂದ ದೂರ ಸರಿದರು. ಅದೇ ವರ್ಷದ ಕೊನೆಗೆ ಮೈದಾನಕ್ಕೆ ಮರಳಿದರು, 2022ರಲ್ಲಿ ಟೆಸ್ಟ್ ತಂಡದ ನಾಯಕರಾದರು. ನ್ಯೂಜಿಲೆಂಡ್ ಪ್ರಧಾನಿಯಾಗಿದ್ದ ಜಸಿಂಡಾ ಆರ್ಡರ್ನ್ 2023ರ ಜನವರಿಯಲ್ಲಿ ರಾಜೀನಾಮೆ ಘೋಷಿಸಿದರು. ಮುಂದುವರಿಯಲು ಬೇಕಾದ ಶಕ್ತಿ ಬೇಸಿಗೆಯ ಬಿಡುವಿನಲ್ಲಿ ಸಿಗಬಹುದು ಎಂದುಕೊಂಡಿದ್ದೆ, ಸಿಗಲಿಲ್ಲ ಎಂದು ಅವರು ಅವತ್ತು ಹೇಳಿದರು. ಒಬ್ಬರು ಮರಳಿದರು, ಒಬ್ಬರು ಬಿಟ್ಟರು. ಇಬ್ಬರ ವಿರಾಮವೂ ತನ್ನ ಕೆಲಸ ಮಾಡಿದೆ ಎಂದೇ ನಾನು ಹೇಳುತ್ತೇನೆ. ಹೊಸ ಹುರುಪಿನಿಂದ ವಾಪಸ್ ಬಂದರಷ್ಟೇ ವಿರಾಮ ಸಾರ್ಥಕ ಎಂದುಕೊಂಡರೆ, ವಿರಾಮವನ್ನೂ ಕೆಲಸದ ಒಂದು ಭಾಗ ಮಾಡಿದ ಹಾಗಾಯಿತು.

ಇವರಿಬ್ಬರಿಗೂ ನಿಲ್ಲುವ ಅನುಕೂಲ ಇತ್ತು. ದಿನಗೂಲಿಯವರಿಗೆ, ಸಾಲದ ಕಂತು ಕಟ್ಟುವವರಿಗೆ, ಹಾಸಿಗೆ ಹಿಡಿದವರನ್ನು ಒಬ್ಬರೇ ನೋಡಿಕೊಳ್ಳುವವರಿಗೆ ಅದು ಇಲ್ಲ. ಅವರ ಮುಂದೆ ವಿರಾಮದ ಮಹಿಮೆ ಹಾಡುವುದು ಕ್ರೂರ. ಹತ್ತು ನಿಮಿಷದೊಳಗಿನ ಸಣ್ಣ ಬಿಡುವುಗಳೂ ಆಯಾಸ ಇಳಿಸಿ ಹುರುಪು ಕೊಡುತ್ತವೆ ಎಂದು 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ತಲೆ ತುಂಬಾ ಓಡಿಸಬೇಕಾದ ಕೆಲಸಕ್ಕೆ ಅಷ್ಟು ಬಿಡುವು ಸಾಲದಿರಬಹುದು ಎಂದೂ ಅವರೇ ಎಚ್ಚರಿಸಿದ್ದಾರೆ. ಸಣ್ಣ ಬಿಡುವು ದೊಡ್ಡ ಗಾಯಕ್ಕೆ ಮದ್ದಾಗದು. ಅಲ್ಲಿ ಬೇಕಾದದ್ದು ಹೊರೆ ಹಂಚಿಕೊಳ್ಳುವ ಜನ ಮತ್ತು ಸಂಬಳ ಕಡಿತವಾಗದ ರಜೆ.

ಬೇರು ಕೆಲಸದಲ್ಲಿದೆ ಎಂಬ ಮಾತಿಗೆ ಈಗ ಬರೋಣ. ಹಲವು ಕಂಪನಿಗಳು ಧ್ಯಾನದ ಆಪ್, ಒತ್ತಡ ನಿರ್ವಹಣೆಯ ತರಬೇತಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 46,336 ನೌಕರರ ಮಾಹಿತಿ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥವುಗಳಲ್ಲಿ ಭಾಗವಹಿಸಿದವರ ಸ್ಥಿತಿ ಭಾಗವಹಿಸದವರಿಗಿಂತ ಉತ್ತಮವಾಗಿ ಕಾಣಲಿಲ್ಲ. ಕೆಲಸವನ್ನೇ ಬದಲಿಸಿದ ಕಡೆ ಚಿತ್ರ ಬೇರೆ. 2022ರಲ್ಲಿ ಬ್ರಿಟನ್ನಿನ 61 ಸಂಸ್ಥೆಗಳು, ಸುಮಾರು 2,900 ನೌಕರರು, ಸಂಬಳ ಕಡಿಮೆ ಮಾಡದೆ ಕೆಲಸದ ಹೊತ್ತು ಇಳಿಸುವ ಆರು ತಿಂಗಳ ಪ್ರಯೋಗದಲ್ಲಿ ಸೇರಿಕೊಂಡರು. ಕೊನೆಗೆ ಶೇ. 71 ನೌಕರರಲ್ಲಿ ಬರ್ನ್‌ಔಟ್ ಇಳಿದಿತ್ತು. ಇವು ತಾವಾಗಿಯೇ ಮುಂದೆ ಬಂದ ಸಂಸ್ಥೆಗಳು ಎಂಬುದು ನೆನಪಿರಲಿ. ಆದರೂ 56 ಸಂಸ್ಥೆಗಳು ಅದನ್ನೇ ಮುಂದುವರಿಸಲು ನಿರ್ಧರಿಸಿದವು. ಕೆಲಸದ ಹೊತ್ತು ಮುಗಿದ ಮೇಲೆ ಕರೆ, ಇಮೇಲ್‌ಗಳಿಂದ ದೂರ ಇರುವ ಹಕ್ಕನ್ನು ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ ಕಾನೂನಿಗೆ ತಂದಿವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಬರ್ನ್‌ಔಟ್ ಮತ್ತು ಖಿನ್ನತೆಯ ಲಕ್ಷಣಗಳು ಒಂದರೊಳಗೊಂದು ಬೆರೆತಿರುತ್ತವೆ. ಕೆಲಸ ಬಿಟ್ಟು ವಾರಗಳಾದರೂ ಯಾವುದರಲ್ಲೂ ಖುಷಿ ಇಲ್ಲ, ಊಟ ನಿದ್ದೆ ಸರಿಹೋಗುತ್ತಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ವಿರಾಮದಿಂದ ಸರಿಹೋಗುತ್ತದೆ ಎಂದು ಕಾಯಬಾರದು. ಸಾಯುವ ಯೋಚನೆ ಒಮ್ಮೆ ಬಂದರೂ ಸರಿ, ಅವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ವೈದ್ಯರನ್ನು ಕಾಣಬೇಕು.

ಕೆಲಸಕ್ಕೆ ಮರಳುವವರು ಸಾಧ್ಯವಾದರೆ ಕಡಿಮೆ ಹೊತ್ತಿನಿಂದ ಶುರು ಮಾಡುವುದು ಒಳ್ಳೆಯದು. ವಿರಾಮದಲ್ಲಿ ಕಂಡುಕೊಂಡ ಒಂದೇ ಒಂದು ವಿಷಯವನ್ನು ಮೊದಲ ವಾರದಲ್ಲೇ ಮ್ಯಾನೇಜರ್ ಹತ್ತಿರ ಮಾತಾಡಬೇಕು. "ತುಂಬಾ ಒತ್ತಡ ಇದೆ" ಎಂದರೆ ತಲೆ ಆಡಿಸಿ ಸುಮ್ಮನಾಗುತ್ತಾರೆ. "ಶಿಫ್ಟ್ ಬದಲಾದರೆ ಮೂರು ದಿನ ಮೊದಲೇ ತಿಳಿಸಿ" ಎಂದರೆ ಹೂಂ ಅಥವಾ ಊಹೂಂ ಎನ್ನಲೇಬೇಕಾಗುತ್ತದೆ. ಊಹೂಂ ಎಂದರೆ, ಬೇರೆ ವಿಭಾಗ ಅಥವಾ ಬೇರೆ ಕೆಲಸ ಹುಡುಕುವ ಮಾತನ್ನು ಮೈಯಲ್ಲಿ ಇನ್ನೂ ಶಕ್ತಿ ಇರುವಾಗಲೇ ಮನೆಯವರ ಜೊತೆ ಶುರು ಮಾಡಬಹುದು.